ಒಂಟಿ ಜೇನ್ನೊಣಗಳು ಮತ್ತು ಹೂ ಬಿಟ್ಟ ಬೆಳೆಗೆ ಕೀಟನಾಶಕ



ಜೇನ್ನೊಣ ಎಂದೊಡನೆ ನೆನಪಾಗುವುದು ಹಿಂಡಾಗಿ ಬಾಳುವ ತುಡುವೆ ಮತ್ತು ಹೆಜ್ಜೇನು. ಆದರೆ ಜಗತ್ತಿನ ಜೇನ್ನೊಣ ಪ್ರಭೇದಗಳಲ್ಲಿ ಬಹುಪಾಲು ಒಂಟಿಯಾಗಿ ಬದುಕುವಂಥವು. ಅವು ಜೇನುತುಪ್ಪ ಕೊಡುವುದಿಲ್ಲ, ಫಸಲಿಗೆ ನೆರವಾಗುತ್ತವೆ. ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯಂತಹ ಮಳೆಯಾಶ್ರಿತ ಸೀಮೆಯಲ್ಲಿ ಕಡಲೆಕಾಯಿ ಹೊಲದ ಅಕ್ಕಡಿ ಸಾಲಿನ ತೊಗರಿಯ ಹೂವಿಗೆ ಎಲೆ ಕತ್ತರಿಸುವ ನೊಣಗಳೂ, ಒಣಮರ ಕೊರೆದು ಗೂಡು ಮಾಡುವ ಕರಿಯ ದುಂಬಿಗಳೂ ಬರುತ್ತವೆ. ಬದನೆಯ ಪರಾಗಕೋಶವು ತುದಿಯ ಕಿರುರಂಧ್ರದಿಂದ ಮಾತ್ರ ಪರಾಗವನ್ನು ಬಿಡುತ್ತದೆ. ನೀಲಿ ಪಟ್ಟಿಯ ನೊಣವು ಹೂವನ್ನು ಹಿಡಿದು ಝೇಂಕರಿಸಿ ಅದನ್ನು ಉದುರಿಸುತ್ತದೆ. ತುಡುವೆಗೆ ಇದು ಸಾಧ್ಯವಿಲ್ಲ.

ಹಾನಿ ಏಕೆ ಹೆಚ್ಚು?

ತುಡುವೆ ಗೂಡಿನ ನೂರಾರು ಕೆಲಸಗಾರ ನೊಣಗಳು ಸತ್ತರೂ ರಾಣಿ ಉಳಿದಿದ್ದರೆ ಗೂಡು ಚೇತರಿಸಿಕೊಳ್ಳಬಹುದು. ಒಂಟಿ ನೊಣದಲ್ಲಿ ತಾಯಿಯೇ ರಾಣಿ, ತಾಯಿಯೇ ಕೆಲಸಗಾರ್ತಿ. ಆಕೆ ಸತ್ತರೆ ಮುಂದೆ ಇಡಬೇಕಾದ ಮೊಟ್ಟೆಗಳೂ ಇಲ್ಲವಾಗುತ್ತವೆ. ನೆಲದಲ್ಲಿ ಗೂಡು ತೋಡುವ ನೊಣಗಳಿಗೆ ಮಣ್ಣಿನಲ್ಲಿ ಉಳಿದ ವಿಷವೂ ತಗಲುತ್ತದೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂತಹ ಅಂತರ್ವ್ಯಾಪಿ ಕೀಟನಾಶಕಗಳು ಗಿಡದೊಳಗೆ ಹರಡಿ ಪರಾಗ, ಮಕರಂದವನ್ನು ಸೇರುತ್ತವೆ. ಮರಿಗೆ ಕೂಡಿಟ್ಟ ಆಹಾರವೇ ವಿಷವಾಗುತ್ತದೆ. ಯೂರೋಪ್ ಒಕ್ಕೂಟವು 2018ರಲ್ಲಿ ಇವೆರಡನ್ನೂ ಬಯಲು ಬೆಳೆಗಳಲ್ಲಿ ನಿಷೇಧಿಸಿತು.

ಎರಡು ತಪ್ಪು ಭರವಸೆಗಳು

ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವು ಮನುಷ್ಯರಿಗೂ ಪ್ರಾಣಿಗಳಿಗೂ ಆಗುವ ಅಪಾಯದ ಸೂಚಕ. ಹಸಿರು ತ್ರಿಕೋನವಿದ್ದ ಮಾತ್ರಕ್ಕೆ ಜೇನ್ನೊಣಕ್ಕೆ ಹಾನಿಯಿಲ್ಲವೆಂದು ತಿಳಿಯಬಾರದು. ಸಂಜೆಯ ಸಿಂಪಡಣೆ ಹಗಲಿನದಕ್ಕಿಂತ ಮೇಲು, ನಿಜ. ಆದರೆ ನೀಲಿ ಪಟ್ಟಿಯ ಗಂಡು ನೊಣಗಳು ರಾತ್ರಿ ಗಿಡದ ಕಡ್ಡಿಗಳನ್ನೇ ಕಚ್ಚಿಕೊಂಡು ಮಲಗುತ್ತವೆ.

ಪಂಚಾಯಿತಿಯ ಹೊಣೆ

ಸಾಕಿದ ಜೇನುಪೆಟ್ಟಿಗೆಯನ್ನು ಸಿಂಪಡಣೆಯ ದಿನ ಮುಚ್ಚಲು ಒಡೆಯನಿದ್ದಾನೆ. ಒಂಟಿ ನೊಣಕ್ಕೆ ಒಡೆಯನಿಲ್ಲ. ಆ ಸ್ಥಾನದಲ್ಲಿ ಊರೇ ನಿಲ್ಲಬೇಕು. ಜೀವವೈವಿಧ್ಯ ಕಾಯ್ದೆ, 2002ರ ಅನ್ವಯ ರಚಿತವಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಸದಸ್ಯರು ಈ ಕ್ರಮಗಳನ್ನು ಕೈಗೊಳ್ಳಬಹುದು:

1. ತೊಗರಿ, ಬದನೆ ಹೂ ಬಿಟ್ಟಿರುವಾಗ ಸಿಂಪಡಣೆಯನ್ನು ಆದಷ್ಟೂ ತಪ್ಪಿಸುವಂತೆ ಗ್ರಾಮಸಭೆಯಲ್ಲಿ ತಿಳಿವಳಿಕೆ ನೀಡುವುದು. ಕಾಯಿಕೊರಕದ ಬಾಧೆ ಮಿತಿ ಮೀರಿದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದ ಸಲಹೆ ಪಡೆದೇ ಔಷಧಿ ಆರಿಸುವುದು.

2. ಬದುವಿನ ತುಂಬೆ, ಹೊಂಗೆ ಮುಂತಾದ ಹೂಗಿಡಮರಗಳನ್ನೂ ಒಣ ಕಾಂಡಗಳನ್ನೂ ಉಳಿಸುವುದು. ಅವುಗಳ ಮೇಲೆ ಔಷಧಿ ಬೀಳದಂತೆ ಗಾಳಿಯ ದಿಕ್ಕು ನೋಡಿ ಸಿಂಪಡಿಸುವುದು.

3. ಮಣ್ಣಿನ ದಿಬ್ಬ, ಹಳೆಯ ಮಣ್ಣುಗೋಡೆಗಳಲ್ಲಿನ ಗೂಡುಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಮೂದಿಸುವುದು.

ಎಲೆಯ ಅಂಚನ್ನು ದುಂಡಗೆ ಕತ್ತರಿಸಿದ ಗುರುತು ಕಂಡು ಅದನ್ನು ಪೀಡೆಯೆಂದು ಬಗೆದು ಔಷಧಿ ಹೊಡೆಯುವವರುಂಟು. ಅದು ಗೂಡಿಗೆಂದು ಎಲೆ ಒಯ್ದ ತಾಯಿನೊಣದ ಗುರುತೆಂದು ರೈತರಿಗೆ ತಿಳಿಸಿಕೊಡಬೇಕೆಂದು ಸದಸ್ಯರಲ್ಲಿ ಕೋರಲಾಗಿದೆ.