ಸಾಣೆಪಟ್ಟಿ ಯಂತ್ರದ ಆಧಾರಫಲಕ: ಚಾಕು ತಯಾರಕರಿಗೊಂದು ಪಾಠ

ಕುಲುಮೆಯಲ್ಲಿ ಕಾದು, ಅಡಿಗಲ್ಲಿನ ಮೇಲೆ ಪೆಟ್ಟು ತಿಂದು ಆಕಾರ ತಳೆದ ಉಕ್ಕಿನ ಪಟ್ಟಿಯು ಚಾಕು ಎನಿಸಿಕೊಳ್ಳುವುದು ಸಾಣೆ ಹಿಡಿದ ಬಳಿಕವೇ. ಕೊಡಗಿನ ಪೀಚೆಕತ್ತಿಯಾಗಲಿ, ಉತ್ತರ ಪ್ರದೇಶದ ರಾಂಪುರದ ಮಡಚುವ ಚಾಕುವಾಗಲಿ, ಅಡುಗೆಮನೆಯ ಸಾಮಾನ್ಯ ಚೂರಿಯಾಗಲಿ, ಅದರ ಬೆಲೆಯನ್ನು ನಿರ್ಧರಿಸುವುದು ಅಲಗಿನ ಎರಡೂ ಮಗ್ಗುಲುಗಳ ಸಮತೆ. ಹಿಂದೆ ಈ ಕೆಲಸಕ್ಕೆ ಸಾಣೆಕಲ್ಲೇ ಗತಿಯಾಗಿತ್ತು. ಇಂದು ಸಣ್ಣ ಕಾರ್ಯಾಗಾರಗಳಲ್ಲಿಯೂ ವಿದ್ಯುತ್ ಮೋಟಾರಿನಿಂದ ಓಡುವ ಸಾಣೆಪಟ್ಟಿ ಯಂತ್ರ, ಅಂದರೆ ಬೆಲ್ಟ್ ಗ್ರೈಂಡರ್, ಬಳಕೆಗೆ ಬಂದಿದೆ. ಆದರೆ ಯಂತ್ರ ಬಂದ ಮಾತ್ರಕ್ಕೆ ಅಲಗು ನೇರವಾಗುವುದಿಲ್ಲ. ಎಷ್ಟು ಎಚ್ಚರಿಕೆಯಿಂದ ಹಿಡಿದರೂ ಅಲಗಿನ ಮೇಲೆ ಅಲೆಗಳು ಮೂಡುತ್ತವೆ, ಒಂದು ಮಗ್ಗುಲು ದಪ್ಪ ಮತ್ತೊಂದು ಮಗ್ಗುಲು ತೆಳು ಆಗುತ್ತದೆ ಎಂದು ಹೊಸಬರು ದೂರುವುದುಂಟು. ಅನೇಕ ವೇಳೆ ಇಲ್ಲಿ ತಪ್ಪು ಕೈಯದಲ್ಲ. ಪಟ್ಟಿಯ ಹಿಂದಿರುವ ಆಧಾರಫಲಕದ್ದು. ಅದನ್ನು ಸರಿಯಾಗಿ ಜೋಡಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಆಧಾರಫಲಕ ಎಂದರೇನು?

ಸಾಣೆಪಟ್ಟಿ ಯಂತ್ರದಲ್ಲಿ ಸಾಮಾನ್ಯವಾಗಿ ಮೋಟಾರಿಗೆ ಜೋಡಿಸಿದ ಚಾಲಕ ಚಕ್ರ, ಪಟ್ಟಿಯ ಓಟವನ್ನು ಸರಿಪಡಿಸುವ ಮೇಲಿನ ಚಕ್ರ ಮತ್ತು ಮುಂಭಾಗದಲ್ಲಿ ಒಂದರ ಕೆಳಗೊಂದರಂತೆ ಎರಡು ಚಿಕ್ಕ ಚಕ್ರಗಳಿರುತ್ತವೆ. ಈ ಎರಡು ಚಿಕ್ಕ ಚಕ್ರಗಳ ನಡುವೆ ಪಟ್ಟಿಯ ಬೆನ್ನಿಗೆ ಒತ್ತಾಗಿ ನಿಲ್ಲುವ ಚಪ್ಪಟೆಯಾದ ತಟ್ಟೆಯೇ ಆಧಾರಫಲಕ. ಕಾರ್ಯಾಗಾರಗಳಲ್ಲಿ ಇದನ್ನು ‘ಪ್ಲಾಟನ್’ ಎನ್ನುವುದು ರೂಢಿ. ಚಾಕು ತಯಾರಿಕೆಯಲ್ಲಿ ಹೆಚ್ಚು ಪ್ರಚಲಿತವಿರುವ ಪಟ್ಟಿಯ ಅಳತೆ 2 ಅಂಗುಲ ಅಗಲ, 72 ಅಂಗುಲ ಉದ್ದ. ಅಂದರೆ ಸುಮಾರು 50 ಮಿ.ಮೀ. ಅಗಲ ಹಾಗೂ 1829 ಮಿ.ಮೀ. ಉದ್ದ. ಪಟ್ಟಿಯು ಫಲಕದ ಮೇಲೆ ಮೇಲಿನಿಂದ ಕೆಳಕ್ಕೆ ಓಡಬೇಕು.

ಫಲಕ ಹೇಗಿದೆಯೋ ಅಲಗೂ ಹಾಗೆಯೇ ಎಂಬುದನ್ನು ಮೊದಲು ಮನಗಾಣಬೇಕು. ಪಟ್ಟಿಯು ಬಟ್ಟೆಯ ಬೆನ್ನುಳ್ಳ ಮೃದು ವಸ್ತು. ಅದು ತನ್ನ ಹಿಂದಿನ ಮೇಲ್ಮೈಯ ಆಕಾರವನ್ನೇ ಅಲಗಿಗೆ ದಾಟಿಸುತ್ತದೆ. ಫಲಕದ ನಡುಭಾಗ ಸವೆದು ತಗ್ಗಾಗಿದ್ದರೆ ಅಲಗಿನ ನಡುಭಾಗ ಉಬ್ಬಾಗಿ ಉಳಿಯುತ್ತದೆ.

ಫಲಕದ ಸಿದ್ಧತೆ

ಫಲಕಕ್ಕೆ 8ರಿಂದ 12 ಮಿ.ಮೀ. ದಪ್ಪದ ಉಕ್ಕಿನ ತಟ್ಟೆ ಸಾಕಾಗುತ್ತದೆ. ತೆಳು ತಟ್ಟೆಯು ಒತ್ತಡಕ್ಕೂ ಶಾಖಕ್ಕೂ ಬಾಗುತ್ತದೆ. ಸಮತಲವನ್ನು ಪರೀಕ್ಷಿಸಲು ಉಕ್ಕಿನ ನೇರಪಟ್ಟಿಯನ್ನು ಫಲಕದ ಮೇಲೆ ಉದ್ದಕ್ಕೆ, ಅಡ್ಡಕ್ಕೆ ಮತ್ತು ಮೂಲೆಯಿಂದ ಮೂಲೆಗೆ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. ಎಲ್ಲಿಯಾದರೂ ಬೆಳಕು ನುಸುಳಿದರೆ ಅಲ್ಲಿ ತಗ್ಗಿದೆ ಎಂದರ್ಥ. ದಪ್ಪ ಗಾಜಿನ ಹಾಳೆಯ ಮೇಲೆ ಮರಳುಕಾಗದವನ್ನು ಅಂಟಿಸಿ, ಫಲಕದ ಮೇಲ್ಮೈಗೆ ಶಾಯಿ ಬಳಿದು, ಶಾಯಿಯು ಎಲ್ಲೆಡೆ ಒಂದೇ ಸಮನಾಗಿ ಅಳಿಯುವವರೆಗೆ ಉಜ್ಜಿದರೆ ತಕ್ಕಮಟ್ಟಿನ ಸಮತಲ ದೊರೆಯುತ್ತದೆ.

ಬರಿಯ ಉಕ್ಕಿನ ಫಲಕವು ದಿನೇ ದಿನೇ ಸವೆಯುತ್ತದೆ. ಆದುದರಿಂದ ಅದರ ಮೇಲೆ ಸುಮಾರು 5ರಿಂದ 6 ಮಿ.ಮೀ. ದಪ್ಪದ ಗ್ಲಾಸ್ ಸೆರಾಮಿಕ್ ಹಾಳೆಯನ್ನು ಅಂಟಿಸುವುದು ಉತ್ತಮ ಪದ್ಧತಿ. ವಿದ್ಯುತ್ ಒಲೆಗಳ ಮೇಲ್ಭಾಗದಲ್ಲಿ ಬಳಸುವ ಗಾಜು ಇದೇ ಜಾತಿಯದು. ಅದು ಶಾಖಕ್ಕೆ ಬಹು ಸ್ವಲ್ಪ ಮಾತ್ರ ಹಿಗ್ಗುತ್ತದೆ, ಬೇಗ ಸವೆಯುವುದಿಲ್ಲ, ಪಟ್ಟಿಯೂ ಅದರ ಮೇಲೆ ಸರಾಗವಾಗಿ ಜಾರುತ್ತದೆ. ಸಾಧಾರಣ ಕಿಟಕಿಗಾಜು ಇದಕ್ಕೆ ಬದಲಿಯಲ್ಲ. ಶಾಖಕ್ಕೆ ಅದು ಸೀಳಿ ಸಿಡಿಯುವ ಅಪಾಯವಿದೆ.

ಅಂಟಿಸುವ ಮೊದಲು ಗಾಜಿನ ಹಿಂಬದಿಯನ್ನೂ ಉಕ್ಕಿನ ಮುಂಬದಿಯನ್ನೂ ಒರಟು ಮರಳುಕಾಗದದಿಂದ ಉಜ್ಜಿ, ಎಣ್ಣೆಯ ಅಂಶವಿರದಂತೆ ಸ್ಪಿರಿಟ್‌ನಿಂದ ಒರೆಸಬೇಕು. ಗಾಜನ್ನು ಉಜ್ಜುವಾಗ ನೀರು ಹನಿಸುತ್ತಿರಬೇಕು; ಗಾಜಿನ ಒಣಧೂಳು ಶ್ವಾಸಕೋಶಕ್ಕೆ ಹಾನಿಕರ. ಬಳಿಕ ಶಾಖ ತಾಳುವ ಎಪಾಕ್ಸಿ ಅಂಟನ್ನು ತೆಳುವಾಗಿ ಸವರಿ, ಹಗುರವಾಗಿ ಬಿಗಿದು, 24 ಗಂಟೆಗಳ ಕಾಲ ಅಲುಗಾಡಿಸದೆ ಬಿಡಬೇಕು. ಪಟ್ಟಿಯು ಗಾಜನ್ನು ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಆದ್ದರಿಂದ ಗಾಜಿನ ಕೆಳ ಅಂಚಿಗೆ ಆಸರೆಯಾಗಿ ಉಕ್ಕಿನ ಫಲಕದಲ್ಲಿ ಎರಡು ತಿರುಪುಗಳನ್ನೋ ಕಿರಿದಾದ ಒಂದು ಮೆಟ್ಟಿಲನ್ನೋ ಇರಿಸುವುದು ಅವಶ್ಯಕ. ಈ ಆಸರೆಯು ಗಾಜಿನ ಮೇಲ್ಮೈಗಿಂತ ತಗ್ಗಿನಲ್ಲಿರಬೇಕು. ಕೇವಲ ಅಂಟನ್ನು ನಂಬಿದರೆ, ಅದು ಬಿಟ್ಟ ಕ್ಷಣದಲ್ಲಿ ಗಾಜು ಕೆಲಸಗಾರನ ಕೈಮೇಲೆ ಜಾರುವುದು.

ಫಲಕದ ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ದುಂಡಗೆ ಮಾಡಬೇಕು. ಚೂಪಾದ ಅಂಚಿಗೆ ಪಟ್ಟಿಯ ಕೂಡುಗೀಲು ಬಡಿದು ‘ಟಕ್ ಟಕ್’ ಎಂಬ ಸದ್ದು ಕೇಳಿಸುತ್ತದೆ; ಪ್ರತಿ ಬಡಿತವೂ ಅಲಗಿನ ಮೇಲೊಂದು ಗೆರೆ ಬಿಡಬಲ್ಲದು.

ಜೋಡಣೆಯ ಕ್ರಮ

ಯಾವುದೇ ಹೊಂದಾಣಿಕೆಗೆ ಮುನ್ನ ಮೋಟಾರಿನ ಪ್ಲಗ್ಗನ್ನು ಕಿತ್ತಿಡತಕ್ಕದ್ದು. ಗುಂಡಿಯನ್ನು ಆರಿಸಿದರಷ್ಟೇ ಸಾಲದು.

1. ಮುಂಚಾಚು: ಫಲಕದ ಮುಖವು ಮೇಲಿನ ಮತ್ತು ಕೆಳಗಿನ ಚಿಕ್ಕ ಚಕ್ರಗಳ ಮುಖಕ್ಕಿಂತ ಸುಮಾರು 2 ಮಿ.ಮೀ. ಮುಂದಕ್ಕೆ ಚಾಚಿರಬೇಕು. ಚಾಚು ಇಲ್ಲದಿದ್ದರೆ ಪಟ್ಟಿಯು ಫಲಕವನ್ನು ತಟ್ಟಿ ಅದುರುತ್ತದೆ. ಅತಿಯಾದರೆ ಅಂಚುಗಳಲ್ಲಿ ಉಜ್ಜಿ ಕಾಯುತ್ತದೆ. ಹೊಸದಾಗಿ ಗಾಜು ಅಂಟಿಸಿದ ಫಲಕವು ಗಾಜಿನ ದಪ್ಪದಷ್ಟು ಮುಂದೆ ಬರುವುದರಿಂದ ಅಷ್ಟೇ ಅಳತೆ ಹಿಂದಕ್ಕೆ ಸರಿಸಬೇಕು. ಇದಕ್ಕಾಗಿ ಫಲಕವನ್ನು ಹಿಡಿಯುವ ಬೋಲ್ಟಿನ ರಂಧ್ರಗಳನ್ನು ಉದ್ದವಾಗಿ ಕೊರೆದಿರಬೇಕು.

2. ಸಮಾನಾಂತರ: ಫಲಕಕ್ಕಿಂತ ಉದ್ದವಾದ ನೇರಪಟ್ಟಿಯನ್ನು ಅದರ ಎಡ ಅಂಚಿಗೆ ಲಂಬವಾಗಿ ಒತ್ತಿಹಿಡಿದು, ಪಟ್ಟಿಗೂ ಮೇಲಿನ ಚಕ್ರಕ್ಕೂ, ಪಟ್ಟಿಗೂ ಕೆಳಗಿನ ಚಕ್ರಕ್ಕೂ ಇರುವ ಸಂದನ್ನು ಅಳೆಯಬೇಕು. ಬಲ ಅಂಚಿನಲ್ಲಿಯೂ ಹಾಗೆಯೇ ಮಾಡಬೇಕು. ನಾಲ್ಕೂ ಅಳತೆಗಳು ಒಂದೇ ಆದಾಗ ಫಲಕವು ಚಕ್ರಗಳಿಗೆ ಸಮಾನಾಂತರವಾಗಿದೆ ಎಂದು ತಿಳಿಯಬೇಕು. ಎಡಬಲಗಳಲ್ಲಿ ವ್ಯತ್ಯಾಸವಿದ್ದರೆ ಫಲಕ ತಿರುಚಿದೆ. ಮೇಲೆ ಕೆಳಗೆ ವ್ಯತ್ಯಾಸವಿದ್ದರೆ ವಾಲಿದೆ.

3. ಒರಗುಮೇಜು: ಅಲಗನ್ನು ಊರಿ ಹಿಡಿಯುವ ಪುಟ್ಟ ಮೇಜಿನ ಮೇಲೆ ಮೂಲೆಮಟ್ಟವನ್ನಿಟ್ಟು ಅದು ಫಲಕಕ್ಕೆ 90 ಡಿಗ್ರಿ ಕೋನದಲ್ಲಿದೆಯೇ ಎಂದು ನೋಡಬೇಕು. ಮೇಜಿಗೂ ಪಟ್ಟಿಗೂ ನಡುವಣ ಸಂದು 2 ಮಿ.ಮೀ. ಮೀರಬಾರದು. ಹೆಚ್ಚಿನ ಸಂದಿನಲ್ಲಿ ಅಲಗಿನ ಮೊನೆ ಸಿಕ್ಕಿಕೊಂಡು, ಅದರೊಡನೆ ಬೆರಳೂ ಎಳೆಯಲ್ಪಡುವ ಸಂಭವವಿದೆ. ಒರಟು ಪಟ್ಟಿ ದಪ್ಪ, ನಯವಾದ ಪಟ್ಟಿ ತೆಳು. ಆದಕಾರಣ ಪಟ್ಟಿ ಬದಲಿಸಿದಾಗಲೆಲ್ಲ ಈ ಸಂದನ್ನು ಮತ್ತೆ ನೋಡಬೇಕು.

4. ಪಟ್ಟಿಯ ಓಟ: ಪಟ್ಟಿಯ ಒಳಬದಿಯಲ್ಲಿ ಬಾಣದ ಗುರುತಿದ್ದರೆ ಆ ದಿಕ್ಕಿಗೇ ತೊಡಿಸಬೇಕು. ಮೊದಲು ಕೈಯಿಂದ ಕೆಲವು ಸುತ್ತು ತಿರುಗಿಸಿ, ಪಟ್ಟಿ ಸರಿಯುವ ದಿಕ್ಕನ್ನು ಗಮನಿಸಿ, ಮೇಲಿನ ಚಕ್ರದ ಓರೆಯನ್ನು ಸರಿಪಡಿಸಬೇಕು. ಅನಂತರ ಯಂತ್ರದ ಪಕ್ಕಕ್ಕೆ ನಿಂತು ಒಂದು ಕ್ಷಣ ಮಾತ್ರ ಮೋಟಾರನ್ನು ಓಡಿಸಿ ನೋಡಬೇಕು. ಹಿಡಿಯ ಬಳಿ ಅಲಗಿನ ಇಳಿಜಾರು ಆರಂಭವಾಗುವ ಗೆರೆಯು ಮೃದುವಾಗಿ ಮೂಡಬೇಕೆಂದಿದ್ದರೆ, ಪಟ್ಟಿಯನ್ನು ಫಲಕದ ಅಂಚಿನಿಂದ 1ರಿಂದ 2 ಮಿ.ಮೀ. ಹೊರಕ್ಕೆ ಬಿಡುವುದುಂಟು.

ವೇಗದ ಲೆಕ್ಕ

ಚಾಲಕ ಚಕ್ರದ ವ್ಯಾಸವನ್ನು 3.14ರಿಂದ ಗುಣಿಸಿ, ಅದನ್ನು ನಿಮಿಷಕ್ಕಾಗುವ ಸುತ್ತುಗಳಿಂದ ಗುಣಿಸಿದರೆ ಪಟ್ಟಿಯ ವೇಗ ತಿಳಿಯುತ್ತದೆ. 1440 ಸುತ್ತಿನ ಮೋಟಾರಿಗೆ 100 ಮಿ.ಮೀ. ಚಕ್ರವಿದ್ದರೆ ವೇಗವು ನಿಮಿಷಕ್ಕೆ ಸುಮಾರು 452 ಮೀಟರ್, 150 ಮಿ.ಮೀ. ಚಕ್ರವಿದ್ದರೆ ಸುಮಾರು 678 ಮೀಟರ್. ಕಲಿಯುವವರಿಗೆ ಕಡಿಮೆ ವೇಗವೇ ಕ್ಷೇಮ. ವೇಗ ಹೆಚ್ಚಿದಂತೆ ಕೆಲಸವೂ ಬೇಗ, ತಪ್ಪೂ ಬೇಗ.

ಪರೀಕ್ಷೆ ಮತ್ತು ದೋಷನಿವಾರಣೆ

ಜೋಡಣೆ ಮುಗಿದ ಕೂಡಲೇ ಒಳ್ಳೆಯ ಅಲಗನ್ನು ಹಿಡಿಯಬಾರದು. ಮೃದು ಉಕ್ಕಿನ ಒಂದು ತುಂಡಿಗೆ ಶಾಯಿ ಬಳಿದು, ಹಗುರವಾಗಿ ಒಂದೇ ಬಾರಿ ಪಟ್ಟಿಗೆ ತಾಗಿಸಿ ನೋಡಬೇಕು. ಶಾಯಿ ಸಮನಾಗಿ ಅಳಿದಿದ್ದರೆ ಫಲಕ ಸರಿಯಾಗಿದೆ. ಸದಾ ಒಂದೇ ಅಂಚಿನಲ್ಲಿ ಅಳಿದರೆ ಮೇಜಿನ ಕೋನವನ್ನು ಪರೀಕ್ಷಿಸಬೇಕು. ನಡುವೆ ಮಾತ್ರ ಅಳಿದು ಅಂಚುಗಳು ಉಳಿದರೆ ಫಲಕದಲ್ಲಿ ಉಬ್ಬಿದೆ. ಅಂಚುಗಳು ಅಳಿದು ನಡು ಉಳಿದರೆ ತಗ್ಗಿದೆ. ಸಮದೂರದ ಅಡ್ಡಗೆರೆಗಳು ಕಂಡರೆ ಪಟ್ಟಿಯ ಕೂಡುಗೀಲು ಬಡಿಯುತ್ತಿದೆ ಅಥವಾ ಚಕ್ರ ಅದುರುತ್ತಿದೆ ಎಂದು ತಿಳಿಯಬೇಕು.

ಅಲಗಿನ ಬಾಯಂಚಿನ ನಡುಗೆರೆಯನ್ನು ಮೊದಲೇ ಗುರುತಿಸಿಕೊಳ್ಳುವುದೂ ಮುಖ್ಯ. ಅಲಗು 4 ಮಿ.ಮೀ. ದಪ್ಪವಿದ್ದರೆ ಅಷ್ಟೇ ವ್ಯಾಸದ ಡ್ರಿಲ್ ಮೊಳೆಯನ್ನೂ ಅಲಗನ್ನೂ ಸಮತಲದ ಮೇಲೆ ಮಲಗಿಸಿ, ಮೊಳೆಯ ಮೊನೆಯಿಂದ ಅಂಚಿನುದ್ದಕ್ಕೂ ಗೀರಿದರೆ ನಟ್ಟನಡುವೆ ಗೆರೆ ಬೀಳುತ್ತದೆ. ಎರಡೂ ಮಗ್ಗುಲುಗಳನ್ನು ಸರದಿಯಂತೆ ಸಾಣೆ ಹಿಡಿಯುತ್ತ ಈ ಗೆರೆಯತ್ತ ಸಾಗಬೇಕು. ಹದಗೊಳಿಸುವ ಮೊದಲು ಬಾಯಂಚಿನಲ್ಲಿ ಸುಮಾರು 1 ಮಿ.ಮೀ. ದಪ್ಪ ಉಳಿಸಬೇಕು. ಇಲ್ಲವಾದರೆ ಎಣ್ಣೆಯಲ್ಲಿ ಅದ್ದಿದಾಗ ತೆಳುವಾದ ಅಂಚು ಸೊಟ್ಟಗಾಗುವುದು ಅಥವಾ ಬಿರಿಯುವುದು.

ಶಾಖದ ಎಚ್ಚರಿಕೆ

ಹದಗೊಳಿಸಿದ ಸಾಮಾನ್ಯ ಇಂಗಾಲದ ಉಕ್ಕನ್ನು ಬಹುಮಟ್ಟಿಗೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮರುಕಾಯಿಸಿರುತ್ತಾರೆ. ಸಾಣೆ ಹಿಡಿಯುವಾಗ ಅದಕ್ಕಿಂತ ಹೆಚ್ಚು ಕಾದರೆ ಗಡಸುತನ ಇಳಿಯತೊಡಗುತ್ತದೆ. ಮೊದಲು ಹುಲ್ಲಿನ ಹಳದಿ, ಅನಂತರ ಕಂದು, ನೇರಳೆ, ಕೊನೆಗೆ ಸುಮಾರು 300 ಡಿಗ್ರಿಯಲ್ಲಿ ನೀಲಿ ಬಣ್ಣ ಕಾಣಿಸುತ್ತದೆ. ಬಾಯಂಚು ನೀಲಿಯಾಯಿತೆಂದರೆ ಆ ಭಾಗ ಮೆತ್ತಗಾಯಿತು. ಮೇಲಿನ ಬಣ್ಣವನ್ನು ಉಜ್ಜಿ ತೆಗೆದರೆ ಕಣ್ಣಿಗೆ ಚಾಕು ಚೆನ್ನಾಗಿಯೇ ಕಾಣುತ್ತದೆ. ಆದರೆ ಕೊಂಡವರ ಅಡುಗೆಮನೆಯಲ್ಲಿ ಅದರ ಧಾರೆ ನಿಲ್ಲುವುದಿಲ್ಲ. ಆದ್ದರಿಂದ ಮೊನೆಗೂ ಬಾಯಂಚಿಗೂ ವಿಶೇಷ ಗಮನವಿತ್ತು, ಬಿಸಿ ತಟ್ಟಿದೊಡನೆ ನೀರಿನಲ್ಲಿ ಅದ್ದಬೇಕು. ಹೊಸ, ಚುರುಕಾದ ಪಟ್ಟಿಯನ್ನು ಬಳಸಬೇಕು. ಸವೆದ ಪಟ್ಟಿ ಉಕ್ಕನ್ನು ಕೊರೆಯುವುದಕ್ಕಿಂತ ಕಾಯಿಸುವುದೇ ಹೆಚ್ಚು.

ದೇಹರಕ್ಷಣೆ

ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಸಾಣೆಗಾರರು ಮರಳುಕಲ್ಲಿನ ಧೂಳನ್ನು ಉಸಿರಾಡಿ ಎಳೆಯ ವಯಸ್ಸಿನಲ್ಲೇ ಶ್ವಾಸರೋಗಕ್ಕೆ ತುತ್ತಾಗುತ್ತಿದ್ದರು. ನಮ್ಮ ಗುಜರಾತಿನ ಖಂಭಾತಿನಲ್ಲಿ ಅಗೇಟ್ ಕಲ್ಲು ಉಜ್ಜುವವರಲ್ಲಿಯೂ ಸಿಲಿಕೋಸಿಸ್ ಕಂಡುಬಂದಿದೆ. ಸಾಣೆಪಟ್ಟಿಯಲ್ಲಿ ಮರಳುಕಲ್ಲಿಲ್ಲವಾದರೂ ಲೋಹದ ಮತ್ತು ಹಿಡಿಯ ಮರದ ಸೂಕ್ಷ್ಮ ಧೂಳು ನಿರುಪದ್ರವಿಯಲ್ಲ. ಬಾಯಿಗೆ ಕಟ್ಟಿದ ಕರವಸ್ತ್ರ ಈ ಧೂಳನ್ನು ತಡೆಯದು. ಕನಿಷ್ಠಪಕ್ಷ ಎನ್ 95 ದರ್ಜೆಯ ಮುಖಗವಸು ಬೇಕು. ಕಣ್ಣಿಗೆ ಪಕ್ಕಗಳೂ ಮುಚ್ಚುವ ಕನ್ನಡಕವಿರಬೇಕು. ಕೈಗವಸು, ಶಾಲು, ಸಡಿಲ ತೋಳಿನ ಅಂಗಿ ಸಲ್ಲದು; ಪಟ್ಟಿಯು ಇವುಗಳನ್ನು ಹಿಡಿದೆಳೆದರೆ ಕೈಯೂ ಹಿಂಬಾಲಿಸುತ್ತದೆ. ಧಾರೆ ಮೂಡಿದ ಬಳಿಕ ಅಲಗಿನ ಬಾಯಿ ಪಟ್ಟಿಯ ಓಟಕ್ಕೆ ಎದುರಾಗದಂತೆ ಹಿಡಿಯಬೇಕು. ಮರದ ಹೊಟ್ಟು ಬಿದ್ದಿರುವಲ್ಲಿ ಉಕ್ಕು ಉಜ್ಜಿದರೆ ಕಿಡಿಯಿಂದ ಬೆಂಕಿ ಹತ್ತುವುದುಂಟು. ಎರಡು ಕೆಲಸಗಳ ನಡುವೆ ಗುಡಿಸುವುದು ಕಡ್ಡಾಯವಾಗಲಿ.

ಕಾನೂನು ಮತ್ತು ನೆರವು

ಗೃಹ, ಕೃಷಿ, ವೈಜ್ಞಾನಿಕ ಹಾಗೂ ಕೈಗಾರಿಕಾ ಬಳಕೆಗೆಂದು ರೂಪಿಸಿದವುಗಳನ್ನು ಬಿಟ್ಟು, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಚಾಕುಗಳು 1959ರ ಆಯುಧಗಳ ಅಧಿನಿಯಮದ ಮೇರೆಗೆ ರಚಿತವಾದ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ತಯಾರಕರು ಈ ವಿಷಯವನ್ನು ಅರಿತಿರಬೇಕು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆ, ಆಯುಧ ತಯಾರಿಕೆ ಹಾಗೂ ಸುತ್ತಿಗೆ ಮತ್ತು ಉಪಕರಣಗಳ ತಯಾರಿಕೆ ಸೇರಿವೆ. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂಪಾಯಿಗಳವರೆಗೆ ಸಾಲ ಈ ಯೋಜನೆಯಲ್ಲಿ ಅಡಕವಾಗಿವೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ಕನ್ನಡಿಗ ಕುಶಲಕರ್ಮಿಗಳು ತಾವಿರುವಲ್ಲಿನ ಸಾಮಾನ್ಯ ಸೇವಾ ಕೇಂದ್ರದಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು.

ಆಧಾರಫಲಕವು ಇಡೀ ಯಂತ್ರದಲ್ಲಿ ಅಲುಗಾಡದೆ ನಿಲ್ಲುವ ಭಾಗ. ಆದ್ದರಿಂದಲೇ ಅದರತ್ತ ಗಮನ ಹರಿಯುವುದು ಕಡಿಮೆ. ದಿನದ ಕೆಲಸಕ್ಕೆ ಮೊದಲು ನೇರಪಟ್ಟಿ ಮತ್ತು ಮೂಲೆಮಟ್ಟಗಳಿಂದ ಅದನ್ನೊಮ್ಮೆ ಪರೀಕ್ಷಿಸಲು ಐದು ನಿಮಿಷ ಸಾಕು. ಆ ಐದು ನಿಮಿಷಗಳು ಅಲಗನ್ನೂ, ಅದನ್ನು ಹಿಡಿದ ಕೈಯನ್ನೂ ಕಾಯುತ್ತವೆ.