ಮ್ಯೂನಿಕ್ ನಗರದ ಚುನಾವಣೆ: ಮತವುಳ್ಳವರ ಹಕ್ಕು, ಮತವಿಲ್ಲದವರ ದನಿ

ಬೀದಿಗೆ ದೀಪ, ಮನೆಗೆ ನೀರು, ಮಕ್ಕಳಿಗೆ ಶಿಶುವಿಹಾರ, ಬಾಡಿಗೆದಾರನಿಗೆ ಕೈಗೆಟಕುವ ಸೂರು, ಇವುಗಳ ಬಹುಭಾಗವನ್ನು ನಿಶ್ಚಯಿಸುವ ಅಧಿಕಾರವು ದೂರದ ಸಂಸತ್ತಿಗಿಂತ ಹೆಚ್ಚಾಗಿ ನಗರದ ಸಭಾಗೃಹದಲ್ಲಿಯೇ ನೆಲೆಸಿರುವುದರಿಂದ, ಆ ಸಭೆಯು ಯಾರಿಂದ, ಯಾವ ವಿಧಿಯಂತೆ ರಚಿತವಾಗುತ್ತದೆಂಬುದನ್ನು ಅರಿಯದೆ ಅಲ್ಲಿ ಬಾಳುವುದು, ತನ್ನ ಮನೆಯ ಆಯವ್ಯಯವನ್ನು ಅನ್ಯರ ಕೈಗೊಪ್ಪಿಸಿ ಲೆಕ್ಕ ಕೇಳದೆ ಇರುವುದಕ್ಕೆ ಸಮಾನವಾದುದು. ಜರ್ಮನಿಯ ಮೂಲಶಾಸನವು ತನ್ನ 28ನೆಯ ಅನುಚ್ಛೇದದಲ್ಲಿ, ರಾಜ್ಯಗಳಲ್ಲಿ ಮಾತ್ರವಲ್ಲದೆ ಜಿಲ್ಲೆಗಳಲ್ಲಿಯೂ ಗ್ರಾಮ ನಗರಗಳಲ್ಲಿಯೂ ಸಾರ್ವತ್ರಿಕವೂ ನೇರವೂ ಮುಕ್ತವೂ ಸಮಾನವೂ ರಹಸ್ಯವೂ ಆದ ಚುನಾವಣೆಯಿಂದ ಉದಿಸಿದ ಜನಪ್ರಾತಿನಿಧ್ಯವಿರಬೇಕೆಂದು ವಿಧಿಸಿ, ಸ್ಥಳೀಯ ವ್ಯವಹಾರಗಳನ್ನು ತಮ್ಮ ಹೊಣೆಯಲ್ಲಿಯೇ ನಡೆಸಿಕೊಳ್ಳುವ ಸ್ವಯಮಾಡಳಿತದ ಹಕ್ಕನ್ನು ಆ ಊರುಗಳಿಗೆ ಖಚಿತಪಡಿಸಿದೆ. ಆದರೆ ಚುನಾವಣೆಯ ವಿವರಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿರುವುದರಿಂದ, 2007ರಿಂದ ಕರ್ನಾಟಕದೊಡನೆ ಸಹಭಾಗಿತ್ವವನ್ನಿರಿಸಿಕೊಂಡಿರುವ ಬವೇರಿಯ ರಾಜ್ಯದ ರಾಜಧಾನಿ ಮ್ಯೂನಿಕ್ ನಗರವನ್ನು ಇಲ್ಲಿ ನಿದರ್ಶನವಾಗಿ ಗ್ರಹಿಸಿದೆ. ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಆ ನಗರದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿವರಗಳು ನೇರವಾಗಿಯೇ ಸಂಬಂಧಿಸಿದವು.

ಮತಾಧಿಕಾರವು ಯಾರಿಗೆ?

ಚುನಾವಣೆಯ ದಿನಕ್ಕೆ 18 ವರ್ಷ ತುಂಬಿದ, ಜರ್ಮನಿಯ ಅಥವಾ ಯೂರೋಪಿಯನ್ ಒಕ್ಕೂಟದ ಮತ್ತಾವುದಾದರೂ ದೇಶದ ಪೌರತ್ವವನ್ನುಳ್ಳ, ಕನಿಷ್ಠ 2 ತಿಂಗಳಿಂದ ನಗರದಲ್ಲಿ ತಮ್ಮ ಮುಖ್ಯ ಜೀವನವನ್ನು ನಡೆಸುತ್ತಿರುವ ಎಲ್ಲರಿಗೂ ಬವೇರಿಯದ ಶಾಸನವು ಸ್ಥಳೀಯ ಮತಾಧಿಕಾರವನ್ನು ನೀಡಿದೆ. ಇಟಲಿಯ ಅಥವಾ ಪೋಲೆಂಡಿನ ಪ್ರಜೆಗೂ ಈ ಅಧಿಕಾರವು ದೊರೆತುದು ಯೂರೋಪಿಯನ್ ಒಕ್ಕೂಟದ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಅನುಗುಣವಾಗಿ 1992ರ ಡಿಸೆಂಬರಿನಲ್ಲಿ ಮೂಲಶಾಸನಕ್ಕೆ ಆದ ತಿದ್ದುಪಡಿಯಿಂದ. ಅದಕ್ಕೆ ಪೂರ್ವದಲ್ಲಿ ಶ್ಲೆಸ್ವಿಗ್-ಹೋಲ್‌ಸ್ಟೈನ್ ಮತ್ತು ಹ್ಯಾಂಬರ್ಗ್ ರಾಜ್ಯಗಳು ವಿದೇಶೀಯರಿಗೆ ಸ್ಥಳೀಯ ಮತವನ್ನು ಕೊಡಲು ಮಾಡಿದ ಶಾಸನಗಳನ್ನು ಜರ್ಮನಿಯ ಸಂವಿಧಾನ ನ್ಯಾಯಾಲಯವು 1990ರ ಅಕ್ಟೋಬರ್ 31ರಂದು, ಪ್ರಭುತ್ವದ ಅಧಿಕಾರವು ಜರ್ಮನ್ ಪ್ರಜಾಸಮುದಾಯದಿಂದಲೇ ಹೊರಡಬೇಕೆಂಬ ಕಾರಣವನ್ನಿತ್ತು ರದ್ದುಪಡಿಸಿತ್ತು. ಒಕ್ಕೂಟದ ಪ್ರಜೆಗಳಿಗೆ ಬಾಗಿಲು ತೆರೆದ ಆ ತಿದ್ದುಪಡಿಯು ಅದರ ಹೊರಗಿನವರಿಗೆ ತೆರೆಯಲಿಲ್ಲವಾದ ಕಾರಣ, ಭಾರತೀಯ ಪೌರತ್ವವನ್ನು ಉಳಿಸಿಕೊಂಡವರು ಎಷ್ಟೇ ವರ್ಷ ಅಲ್ಲಿ ವಾಸವಾಗಿದ್ದರೂ, ಎಷ್ಟೇ ತೆರಿಗೆ ತೆತ್ತಿದ್ದರೂ, ಈ ಚುನಾವಣೆಯಲ್ಲಿ ಮತವೀಯಲಾರರು. ಅಧಿಕಾರವಿಲ್ಲದೆ ಮತ ಚಲಾಯಿಸುವುದು ದಂಡಸಂಹಿತೆಯ 107ಎ ಪ್ರಕರಣದಂತೆ 5 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡಬಲ್ಲ ಅಪರಾಧವಾದುದರಿಂದ, ಪ್ರಮಾದದಿಂದ ಮತಸೂಚನೆಯ ಪತ್ರವು ಕೈಸೇರಿದರೂ ಅದನ್ನು ಬಳಸದೆ ಕಛೇರಿಗೆ ತಿಳಿಸುವುದೇ ವಿಹಿತ.

ಯಾರನ್ನು ಆರಿಸುವುದು?

ಮ್ಯೂನಿಕ್ಕಿನ ಮತದಾರನು 6 ವರ್ಷಗಳಿಗೊಮ್ಮೆ ಒಂದೇ ದಿನ ಮೂರು ಆಯ್ಕೆಗಳನ್ನು ಮಾಡುತ್ತಾನೆ. ಓಬರ್‌ಬ್ಯೂರ್ಗರ್‌ಮೈಸ್ಟರ್ ಎನ್ನಿಸಿಕೊಳ್ಳುವ ಮಹಾಪೌರ, 80 ಸದಸ್ಯರ ನಗರಸಭೆ, ನಗರದ 25 ವಿಭಾಗಗಳಲ್ಲಿ ತನ್ನ ವಿಭಾಗದ ಸಮಿತಿ, ಇವೇ ಆ ಮೂರು. ಕರ್ನಾಟಕದ ಮಹಾನಗರಪಾಲಿಕೆಗಳಲ್ಲಿ ಮೇಯರನ್ನು ಸದಸ್ಯರು ಆರಿಸಿದರೆ, ಅಲ್ಲಿ ಮಹಾಪೌರನನ್ನು ಜನರೇ ನೇರವಾಗಿ ಆರಿಸುತ್ತಾರೆ. ಅವನು ಸಭೆಯ ಅಧ್ಯಕ್ಷನೂ ಮತವುಳ್ಳ ಸದಸ್ಯನೂ ಆಡಳಿತದ ಮುಖ್ಯಸ್ಥನೂ ಆಗಿರುತ್ತಾನೆ. ಈ ಪದವಿಗೆ ಜರ್ಮನ್ ಪೌರನು ಮಾತ್ರ ಸ್ಪರ್ಧಿಸಬಹುದು. ನಗರಸಭೆಯ ಸದಸ್ಯತ್ವಕ್ಕಾದರೋ ಒಕ್ಕೂಟದ ಅನ್ಯದೇಶೀಯ ಪ್ರಜೆಯೂ ಅರ್ಹನು.

ಮಹಾಪೌರನ ಆಯ್ಕೆಯಲ್ಲಿ ಮತದಾರನಿಗೆ ಒಂದೇ ಮತ. ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಯಾರೂ ಪಡೆಯದಿದ್ದಲ್ಲಿ, ಮೊದಲಿಬ್ಬರ ನಡುವೆ ಎರಡು ವಾರಗಳ ತರುವಾಯ ಮರುಸ್ಪರ್ಧೆ ನಡೆಯುತ್ತದೆ. 2020ರ ಮಾರ್ಚ್ 15ರಂದು ಮಹಾಪೌರ ಪದವಿಗೆ ಸ್ಪರ್ಧಿಸಿದ್ದ ಡೀಟರ್ ರೈಟರ್ ಅವರು ಅರ್ಧದ ಗೆರೆಯನ್ನು ಸ್ವಲ್ಪದರಲ್ಲಿ ಮುಟ್ಟಲಾರದೆ ಹೋದುದರಿಂದ ಮಾರ್ಚ್ 29ರಂದು ಮರುಸ್ಪರ್ಧೆಯಾಗಿ, ಸೋಂಕಿನ ಭೀತಿಯ ಆ ದಿನಗಳಲ್ಲಿ ಮತದಾನವು ಸಂಪೂರ್ಣವಾಗಿ ಅಂಚೆಯ ಮೂಲಕವೇ ಜರುಗಿ, ಅವರು ಶೇಕಡಾ 71.7ರಷ್ಟು ಮತಗಳಿಂದ ವಿಜಯಿಯಾದರು. ಯಾರು ಬೇಡವೆನ್ನುವುದಕ್ಕೂ ಯಾರು ಬೇಕೆನ್ನುವುದಕ್ಕೂ ಪ್ರಜೆಗೆ ಪುನಃ ಅವಕಾಶವೀಯುವ ಈ ಎರಡನೆಯ ದಿನವನ್ನು ಉಪೇಕ್ಷಿಸುವುದು ಉಚಿತವಲ್ಲ.

80 ಮತಗಳ ವಿನಿಯೋಗ

ನಗರಸಭೆಯ ಆಯ್ಕೆಯಲ್ಲಿ ಪ್ರತಿಯೊಬ್ಬ ಮತದಾರನಿಗೂ 80 ಮತಗಳುಂಟು, ಮತಪತ್ರವೂ ಅದಕ್ಕೆ ತಕ್ಕಂತೆ ವಿಸ್ತಾರವಾದ ಹಾಳೆಯಾಗಿರುತ್ತದೆ. ಒಂದು ಪಕ್ಷದ ಪಟ್ಟಿಯ ಮೇಲ್ತುದಿಯಲ್ಲಿ ಗುರುತಿಟ್ಟು ಆ ಪಟ್ಟಿಯನ್ನು ಇಡಿಯಾಗಿ ಅಂಗೀಕರಿಸಬಹುದು. ಒಬ್ಬನೇ ಅಭ್ಯರ್ಥಿಗೆ 3ರವರೆಗೆ ಮತಗಳನ್ನು ಕೂಡಿಸಿ ಕೊಡಬಹುದು. ಪಕ್ಷಗಳ ಬೇಲಿಯನ್ನು ದಾಟಿ ನಾನಾ ಪಟ್ಟಿಗಳ ಯೋಗ್ಯರಿಗೆ ಹಂಚಬಹುದು. ತಾನು ಅಂಗೀಕರಿಸಿದ ಪಟ್ಟಿಯಲ್ಲಿಯೇ ಒಪ್ಪದ ಹೆಸರನ್ನು ಹೊಡೆದುಹಾಕಲೂಬಹುದು. ಕೂಡಿಸುವ ಕ್ರಮಕ್ಕೆ ಕುಮುಲೀರನ್ ಎಂದೂ ಹಂಚುವ ಕ್ರಮಕ್ಕೆ ಪನಾಶೀರನ್ ಎಂದೂ ಅಲ್ಲಿನವರು ಹೇಳುತ್ತಾರೆ. ಪಟ್ಟಿಗೆ ಗುರುತಿಟ್ಟು ಜೊತೆಯಲ್ಲಿ ವ್ಯಕ್ತಿಗಳಿಗೂ ಮತವಿತ್ತರೆ, ಉಳಿದ ಮತಗಳು ಆ ಪಟ್ಟಿಯ ಹೆಸರುಗಳಿಗೆ ಮೇಲಿನಿಂದ ಕ್ರಮವಾಗಿ ಸಲ್ಲುತ್ತವೆ. ಆದುದರಿಂದ ವ್ಯಕ್ತಿಗಳನ್ನಾರಿಸಲು ಹೊರಟವನು ಒಂದು ಪಟ್ಟಿಗೂ ಗುರುತಿಟ್ಟರೆ ಮತವೊಂದೂ ವ್ಯರ್ಥವಾಗದು. ಆದರೆ ಒಟ್ಟು 80ನ್ನು ಮೀರಿ ಬರೆದರೆ ಮತಪತ್ರವೇ ಅಸಿಂಧುವಾಗುವ ಅಪಾಯವಿರುವುದರಿಂದ, ಬರೆಯುತ್ತ ಬರೆಯುತ್ತ ಎಣಿಸಿಕೊಳ್ಳುವುದು ಅವಶ್ಯ.

ಸ್ಥಾನಗಳ ಹಂಚಿಕೆಯು ಪಟ್ಟಿಗಳು ಪಡೆದ ಮತಗಳ ಪ್ರಮಾಣಕ್ಕನುಸಾರವಾಗಿದ್ದು, ಶೇಕಡಾ 5ರ ತಡೆಗೋಡೆಯು ಇಲ್ಲಿಲ್ಲವಾದ ಕಾರಣ ಅಲ್ಪಸಂಖ್ಯೆಯ ಅಭಿಪ್ರಾಯಕ್ಕೂ ಸಭೆಯಲ್ಲಿ ಆಸನವು ಲಭಿಸಬಲ್ಲುದು. ಪಟ್ಟಿಯೊಳಗೆ ಯಾರು ಗೆಲ್ಲುವರೆಂಬುದನ್ನು ಪಕ್ಷವು ಕೊಟ್ಟ ಕ್ರಮಸಂಖ್ಯೆಯಲ್ಲ, ವ್ಯಕ್ತಿಯು ಪಡೆದ ಮತಗಳು ನಿರ್ಧರಿಸುತ್ತವೆ. ಪಕ್ಷವು ಹಿಂದೆ ಕೂರಿಸಿದವನನ್ನು ಮುಂದಕ್ಕೆ ತರುವ, ಮುಂದಿಟ್ಟವನನ್ನು ಹಿಂದಕ್ಕೆ ಸರಿಸುವ ವಿವೇಚನಾಶಕ್ತಿಯನ್ನು ಶಾಸನವು ಹೀಗೆ ಸಾಮಾನ್ಯ ಪೌರನ ಲೇಖನಿಗೆ ಒಪ್ಪಿಸಿರುವುದು ಪ್ರಜಾಪ್ರಭುತ್ವದಲ್ಲಿ ಅಪೂರ್ವವಾದ ವಿಶ್ವಾಸವೆಂದೇ ಭಾವಿಸತಕ್ಕದ್ದು.

ಮತದಾನದ ಕ್ರಮ

ಹೊಸ ಮನೆಗೆ ಬಂದ 2 ವಾರಗಳೊಳಗೆ ವಿಳಾಸವನ್ನು ನೋಂದಾಯಿಸಬೇಕೆಂಬ ಕಟ್ಟಳೆಯು ಅಲ್ಲಿರುವುದರಿಂದ, ಮತದಾರರ ಪಟ್ಟಿಯು ನಿವಾಸಿಗಳ ನೋಂದಣಿಯಿಂದಲೇ ಸಿದ್ಧವಾಗುತ್ತದೆ; ಅರ್ಹರು ಪ್ರತ್ಯೇಕವಾದ ಅರ್ಜಿಯನ್ನು ಸಲ್ಲಿಸಬೇಕಾಗಿಲ್ಲ. ಚುನಾವಣೆಗೆ ಕೆಲವು ವಾರಗಳ ಮುನ್ನ ಮತಸೂಚನೆಯ ಪತ್ರವು ಅಂಚೆಯಲ್ಲಿ ಬರುತ್ತದೆ. ಅದು ಬಾರದಿದ್ದವರು ಪಟ್ಟಿಯ ಪರಿಶೀಲನೆಗೆಂದು ಗೊತ್ತುಪಡಿಸಿದ ದಿನಗಳಲ್ಲಿಯೇ ವಿಚಾರಿಸಿ ಆಕ್ಷೇಪಣೆಯನ್ನು ಸಲ್ಲಿಸತಕ್ಕದ್ದು. ಮತದಾನವು ಭಾನುವಾರ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ. ಕಾರಣವನ್ನೇ ಹೇಳದೆ ಅಂಚೆಮತವನ್ನು ಕೋರಬಹುದು. ಆದರೆ ಜೊತೆಯ ಪ್ರಮಾಣಪತ್ರಕ್ಕೆ ಸಹಿ ಹಾಕಲು ಮರೆತರೆ ಮತವು ಎಣಿಕೆಗೆ ಸೇರದು, ಲಕೋಟೆಯು ಮತದಾನದ ದಿನ ಸಂಜೆ 6ರೊಳಗೆ ತಲುಪದಿದ್ದರೂ ಹಾಗೆಯೇ. ಓದುಬರಹಕ್ಕೆ ಅಥವಾ ದೇಹದೌರ್ಬಲ್ಯಕ್ಕೆ ನೆರವು ಬೇಕಾದವರು ತಾವೇ ಆರಿಸಿಕೊಂಡ ಸಹಾಯಕನನ್ನು ಪಡೆಯಬಹುದು.

ಮತಗಳ ಎಣಿಕೆಯು ಬಹಿರಂಗವಾಗಿ ನಡೆಯುವುದರಿಂದ ಯಾರು ಬೇಕಾದರೂ ಹೋಗಿ ನೋಡಬಹುದು. ಶಾಸನದ ಉಲ್ಲಂಘನೆಯಾಯಿತೆಂದು ತೋರಿದ ಮತದಾರನು ಫಲಿತಾಂಶವು ಪ್ರಕಟವಾದ 14 ದಿನಗಳೊಳಗೆ ಮೇಲ್ವಿಚಾರಣಾ ಪ್ರಾಧಿಕಾರಕ್ಕೆ ಲಿಖಿತವಾಗಿ ತಕರಾರು ಸಲ್ಲಿಸಬಹುದು. ಮನಸ್ಸಿನ ಅಸಮಾಧಾನವಾಗಲಿ ಊಹೆಯಾಗಲಿ ಇದಕ್ಕೆ ಸಾಲದು. ಯಾವ ಮತಗಟ್ಟೆಯಲ್ಲಿ, ಯಾವ ನಿಯಮವು, ಹೇಗೆ ಮುರಿಯಲ್ಪಟ್ಟಿತೆಂಬುದನ್ನು ನಿರ್ದಿಷ್ಟವಾಗಿ ಹೇಳಬೇಕು.

ಚುನಾವಣೆಯ ತರುವಾಯ

ಮತವಿತ್ತ ಮಾತ್ರಕ್ಕೆ ಪೌರನು 6 ವರ್ಷ ಮೌನದಿಂದಿರಬೇಕಾಗಿಲ್ಲ. 1995ರ ಅಕ್ಟೋಬರ್ 1ರಂದು ಬವೇರಿಯದ ಜನರು ತಮ್ಮ ಮತದಿಂದಲೇ ಪಡೆದುಕೊಂಡ ಸ್ಥಳೀಯ ಜನಮತಗಣನೆಯ ಹಕ್ಕಿನಂತೆ, ಮ್ಯೂನಿಕ್ಕಿನಷ್ಟು ದೊಡ್ಡ ನಗರದಲ್ಲಿ ಶೇಕಡಾ 3ರಷ್ಟು ಮತಾರ್ಹರು ಸಹಿ ಮಾಡಿದರೆ ನಗರದ ಅಧಿಕಾರವ್ಯಾಪ್ತಿಗೆ ಸೇರಿದ ಪ್ರಶ್ನೆಯೊಂದನ್ನು ಜನರ ಮುಂದಿಡಬಹುದು. ಬಹುಮತದೊಡನೆ ಒಟ್ಟು ಮತಾರ್ಹರಲ್ಲಿ ಶೇಕಡಾ 10ರಷ್ಟಾದರೂ ಪರವಾಗಿದ್ದರೆ ಆ ತೀರ್ಪಿಗೆ ನಗರಸಭೆಯ ನಿರ್ಣಯದ ಬಲವುಂಟು. 2004ರಲ್ಲಿ ನಗರದ ಕಟ್ಟಡಗಳು 100 ಮೀಟರನ್ನು ಮೀರಬಾರದೆಂದು ಜನರು ಅಲ್ಪ ಬಹುಮತದಿಂದ ತೀರ್ಮಾನಿಸಿದರು. 2012ರಲ್ಲಿ ವಿಮಾನನಿಲ್ದಾಣದ ಮೂರನೆಯ ಓಡುದಾರಿಯನ್ನು ನಿರಾಕರಿಸಿದರು. ಕಾನೂನಿನ ಬಂಧನವು ಒಂದು ವರ್ಷಕ್ಕಷ್ಟೇ ಇದ್ದರೂ, ಜನರ ಬಾಯಿಂದ ಹೊರಟ ತೀರ್ಪನ್ನು ಆ ಅವಧಿಯು ಕಳೆದೊಡನೆ ತಳ್ಳಿಹಾಕುವುದು ಸುಲಭವಲ್ಲವೆಂಬುದನ್ನು ಆ ನಗರದ ಅನುಭವವು ತೋರಿಸಿದೆ.

ಮತವಿಲ್ಲದವರಿಗೆ ಉಳಿದುದೇನು?

ಮತಾಧಿಕಾರವುಳ್ಳವರನ್ನು ಪೌರರೆಂದೂ, ನಗರದಲ್ಲಿ ವಾಸಿಸುವವರೆಲ್ಲರನ್ನೂ ನಿವಾಸಿಗಳೆಂದೂ ಶಾಸನವು ವಿಭಾಗಿಸುತ್ತದಾದರೂ, ನಿವಾಸಿಯು ಕೇವಲ ಪ್ರೇಕ್ಷಕನಲ್ಲ. ವರ್ಷಕ್ಕೊಮ್ಮೆಯಾದರೂ ಕರೆಯಬೇಕಾದ ಪೌರಸಭೆಯಲ್ಲಿ ಅವನು ಮಾತನಾಡಬಹುದು. ಅಲ್ಲಿ ಮತವೀಯುವ ಹಕ್ಕು ಪೌರರಿಗೆ ಮೀಸಲಾಗಿದ್ದರೂ, ಅಂಗೀಕೃತವಾದ ಶಿಫಾರಸನ್ನು ನಗರಸಭೆಯು 3 ತಿಂಗಳೊಳಗೆ ವಿಚಾರಕ್ಕೆ ತೆಗೆದುಕೊಳ್ಳಲೇಬೇಕು. ಮೂಲಶಾಸನದ 17ನೆಯ ಅನುಚ್ಛೇದವು ಅಹವಾಲು ಸಲ್ಲಿಸುವ ಹಕ್ಕನ್ನು ಪೌರತ್ವದ ಭೇದವೆಣಿಸದೆ ಸರ್ವರಿಗೂ ನೀಡಿದೆ. ಇವುಗಳ ಜೊತೆಗೆ ವಿದೇಶೀಯ ನಿವಾಸಿಗಳಿಂದ ಚುನಾಯಿತವಾದ 40 ಸದಸ್ಯರ ವಲಸಿಗರ ಸಲಹಾಮಂಡಳಿಯೊಂದು ಮ್ಯೂನಿಕ್ಕಿನಲ್ಲಿದೆ. ಅದು ಸಲಹೆಯನ್ನೀಯುವ ಸಂಸ್ಥೆಯೇ ಹೊರತು ಆಳುವ ಸಂಸ್ಥೆಯಲ್ಲ. ಆದರೂ ಕನ್ನಡಿಗನು ತನ್ನ ಭಾರತೀಯ ಪೌರತ್ವದೊಡನೆಯೇ ಆ ನಗರದಲ್ಲಿ ಮತವೀಯಬಹುದಾದ ಸ್ಥಾನವದು.

ಪೂರ್ಣ ಮತಾಧಿಕಾರವನ್ನು ಬಯಸುವವರಿಗೆ ಜರ್ಮನ್ ಪೌರತ್ವವೇ ದಾರಿ. ಸಾಮಾನ್ಯವಾಗಿ 5 ವರ್ಷಗಳ ವಾಸ ಮತ್ತು ಇತರ ಅರ್ಹತೆಗಳಿಂದ ಅದು ದೊರೆಯುತ್ತದೆ. 2024ರ ಜೂನ್ 27ರಿಂದ ಜರ್ಮನಿಯು ಹಳೆಯ ಪೌರತ್ವವನ್ನು ಬಿಡಬೇಕೆಂದು ಕೇಳುವುದೂ ಇಲ್ಲ. ಆದರೆ ಭಾರತದ 1955ರ ಪೌರತ್ವ ಶಾಸನದ 9ನೆಯ ಪ್ರಕರಣದಂತೆ, ಸ್ವಇಚ್ಛೆಯಿಂದ ಅನ್ಯದೇಶದ ಪೌರತ್ವವನ್ನು ಪಡೆದ ಕ್ಷಣವೇ ಭಾರತೀಯ ಪೌರತ್ವವು ಕೊನೆಗೊಳ್ಳುತ್ತದೆ. ಸಾಗರೋತ್ತರ ಪೌರತ್ವದ ಚೀಟಿಯು ಕರ್ನಾಟಕದ ಮತವನ್ನು ಮರಳಿ ಕೊಡಲಾರದು. ಭಾರತೀಯರಾಗಿಯೇ ಉಳಿದವರಾದರೋ 6ಎ ನಮೂನೆಯಲ್ಲಿ ಹೆಸರನ್ನು ನೋಂದಾಯಿಸಿಕೊಂಡು, ತವರಿನ ಮತಗಟ್ಟೆಗೆ ಸ್ವತಃ ಬಂದು ಮತವೀಯಬಹುದು. ಇವೆರಡರಲ್ಲಿ ಯಾವುದು ಶ್ರೇಯಸ್ಕರವೆಂಬುದನ್ನು ಪ್ರತಿಯೊಬ್ಬನೂ ತನ್ನ ಬಾಳಿನ ಗತಿಯನ್ನು ನೋಡಿ ನಿಶ್ಚಯಿಸಿಕೊಳ್ಳಬೇಕು. ಮತವಿದ್ದವನು ತನ್ನ 80 ಮತಗಳನ್ನು ವಿವೇಕದಿಂದ ವಿನಿಯೋಗಿಸಲಿ, ಮತವಿಲ್ಲದವನು ಶಾಸನವು ತನಗಿತ್ತ ಮಾತಿನ ಹಕ್ಕನ್ನು ಸಭೆಯಲ್ಲಿ ಎದ್ದು ನಿಂತು ಬಳಸಲಿ. ಬಳಸದೆ ಬಿಟ್ಟ ಹಕ್ಕಿನಿಂದ ಯಾವ ನಗರದಲ್ಲಿಯೂ ಯಾರ ಬೀದಿಗೂ ದೀಪ ಬಂದುದಿಲ್ಲ.