ನೀಲಗಿರಿಯ ಹಿಮವೂ ಹಿತ್ತಲಿನ ಎಳೆಯ ಗಿಡಗಳೂ

"ಸಾರ್, ರಾತ್ರಿ ಯಾರೋ ಬಿಸಿನೀರು ಸುರಿದ ಹಾಗೆ ಆಗಿದೆ" ಎನ್ನುತ್ತ ವಿದ್ಯಾರ್ಥಿಯೊಬ್ಬನು ಒಂದು ಜನವರಿಯ ಬೆಳಿಗ್ಗೆ ಹುರುಳಿಕಾಯಿ ಗಿಡವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಎಲೆಗಳು ಬೆಂದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು. ಇನ್ನು ಹತ್ತು ದಿನಕ್ಕೆ ಕಾಯಿ ಕೊಯ್ಯಬಹುದೆಂದು ಮನೆಯವರು ಎಣಿಸಿದ್ದ ಬೆಳೆ ಅದು. ಸುಟ್ಟದ್ದು ಬಿಸಿನೀರಲ್ಲ, ಹಿಮ.

ನಮ್ಮ ಬೆಟ್ಟಗಳಲ್ಲಿ ಚಳಿಗಾಲದಲ್ಲಿ ಕಾಣುವ, ತಮಿಳಿನಲ್ಲಿ 'ಉರೈಪನಿ' ಎನ್ನುವ ಈ ಹಿಮವು ಹಿಮಾಲಯದಲ್ಲಿರುವಂತೆ ಆಕಾಶದಿಂದ ಸುರಿಯುವುದಲ್ಲ. ಹಗಲು ಸೂರ್ಯನಿಂದ ಪಡೆದ ಶಾಖವನ್ನು ನೆಲವು ರಾತ್ರಿ ಹೊರಗೆ ಬಿಡುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ಶಾಖವನ್ನು ತಡೆಯುತ್ತದೆ. ಗಾಳಿ ಬೀಸಿದರೆ ಮೇಲಿನ ಬೆಚ್ಚನೆಯ ಗಾಳಿ ಕೆಳಗಿನದರೊಡನೆ ಬೆರೆಯುತ್ತದೆ. ಎರಡೂ ಇಲ್ಲದೆ ನಕ್ಷತ್ರಗಳು ಫಳಫಳನೆ ಹೊಳೆಯುವ ರಾತ್ರಿಯೇ ಅಪಾಯದ ರಾತ್ರಿ. ಆಗ ಎದೆಯೆತ್ತರದಲ್ಲಿ ಉಷ್ಣಮಾಪಕವು 3 ಡಿಗ್ರಿ ತೋರಿಸಿದರೂ ಹುಲ್ಲಿನ ಮಟ್ಟದಲ್ಲಿ ಸೊನ್ನೆಗಿಂತ ಕೆಳಗಿರಬಹುದು. ತಣ್ಣನೆಯ ಗಾಳಿ ಭಾರವಾದ್ದರಿಂದ ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಇಳಿಜಾರಿನ ಚಹಾ ಗಿಡ ಹಸಿರಾಗಿದ್ದಾಗ ತಗ್ಗಿನ ಗಿಡ ಕರಿಯುವುದು ಇದರಿಂದಲೇ.

ಎಲೆಯೊಳಗೆ ನೀರು ಹೆಪ್ಪುಗಟ್ಟಿದಾಗ ಜೀವಕೋಶಗಳು ತಮ್ಮ ನೀರನ್ನು ಕಳೆದುಕೊಂಡು ಹಾಳಾಗುತ್ತವೆ. ಹುರುಳಿಕಾಯಿ, ಟೊಮೆಟೊ, ಉರುಳಗಡ್ಡೆ, ಡೇಲಿಯಾ ಇದನ್ನು ತಾಳಲಾರವು. ಕೋಸು, ಕ್ಯಾರಟ್ ತಕ್ಕಮಟ್ಟಿಗೆ ತಾಳುತ್ತವೆ. ಚಳಿಗೆ ಕ್ಯಾರಟ್ ತನ್ನಲ್ಲಿ ಸಕ್ಕರೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಚಳಿಗಾಲದ ಕ್ಯಾರಟ್ ಸಿಹಿ ಎಂದರೆ ಅದು ಬರಿಯ ಮಾತಲ್ಲ.

ವಿದ್ಯಾರ್ಥಿಗಳೇ, ಗಿಡವನ್ನು ಕಾಯುವ ಶಾಖ ಇರುವುದು ನೆಲದಲ್ಲಿ, ಹೊದಿಕೆಯಲ್ಲಲ್ಲ. ಆದ್ದರಿಂದ ಗೋಣಿತಾಟನ್ನೋ ಹಳೆಯ ದುಪ್ಪಟಿಯನ್ನೋ ಸೂರ್ಯ ಮುಳುಗುವ ಮೊದಲೇ ಹೊದಿಸಿ, ಅಂಚುಗಳನ್ನು ನೆಲಕ್ಕೆ ಮುಟ್ಟಿಸಿ ಕಲ್ಲು ಹೇರಬೇಕು. ಮೂಟೆ ಕಟ್ಟಿದಂತೆ ಕಾಂಡಕ್ಕೆ ಬಿಗಿದರೆ ನೆಲದ ಶಾಖ ಗಿಡಕ್ಕೆ ಸಿಗುವುದೇ ಇಲ್ಲ. ನಾಲ್ಕು ಕೋಲು ನೆಟ್ಟು ಅದರ ಮೇಲೆ ಹೊದಿಸುವುದು ಲೇಸು. ಒಂದು ವರ್ಷ ನಾನು ಅವಸರದಲ್ಲಿ ಡೇಲಿಯಾಗಳ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಎಳೆದುಬಿಟ್ಟೆ. ಹಾಳೆ ತಾಗಿದ ಎಲೆಗಳೆಲ್ಲ ಬೆಳಿಗ್ಗೆ ಕಪ್ಪಾಗಿದ್ದವು. ಬಿಸಿಲೇರಿದ ಮೇಲೆ ಹೊದಿಕೆ ತೆಗೆಯಲೇಬೇಕು, ಇಲ್ಲವಾದರೆ ನೆಲವು ಮರುರಾತ್ರಿಗೆ ಶಾಖ ಕೂಡಿಸಿಕೊಳ್ಳುವುದಿಲ್ಲ. 1848ರಲ್ಲಿ ಆರಂಭವಾದ ಉದಕಮಂಡಲದ ಸಸ್ಯೋದ್ಯಾನದಲ್ಲಿಯೂ ಚಳಿಗಾಲದಲ್ಲಿ ಎಳೆಯ ಗಿಡಗಳಿಗೆ ಪೊದೆಗಳ ರೆಂಬೆಗಳನ್ನು ಹೊದಿಸುತ್ತಾರೆ, ಹೋದಾಗ ಗಮನಿಸಿರಿ.

ಒಣಮಣ್ಣಿಗಿಂತ ತೇವದ ಮಣ್ಣು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಮಧ್ಯಾಹ್ನಕ್ಕೆ ಮೊದಲೇ ಬುಡಕ್ಕೆ ನೀರುಣಿಸಿರಿ. ಬುಡದಲ್ಲಿ ಒಣಹುಲ್ಲು ಹರಡಿದರೆ ಬೇರು ಬೆಚ್ಚಗಿರುತ್ತದೆ, ಆದರೆ ನೆಲದ ಶಾಖ ಮೇಲಿನ ಎಲೆಗಳಿಗೆ ತಲುಪದು. ಎಳೆಯ ತರಕಾರಿಗೆ ಅದು ಕೆಡುಕೇ. ಹೊಗೆ ಹಾಕಿದರೆ ಸಾಕೆಂದು ಹಿರಿಯರು ಹೇಳುವುದುಂಟು. ಹೊಗೆಯು ಮೋಡದಂತೆ ಶಾಖವನ್ನು ತಡೆಯಲಾರದು, ಕಣ್ಣುರಿಯಷ್ಟೇ ಲಾಭ.

ಕರಿದ ರೆಂಬೆಗಳನ್ನು ಕೂಡಲೇ ಕತ್ತರಿಸಬೇಡಿರಿ. ಅವು ಒಳಗಿನ ಚಿಗುರಿಗೆ ಮರೆಯಾಗಿರುತ್ತವೆ. ಚಳಿ ಕಳೆದ ಮೇಲೆ ಜೀವವಿರುವ ಭಾಗ ತಾನಾಗಿ ತಿಳಿಯುತ್ತದೆ. ಆ ಹುಡುಗನ ಹುರುಳಿಕಾಯಿ ಗಿಡಗಳು ಚೇತರಿಸಲಿಲ್ಲ. ಅದೇ ಹಿತ್ತಲಿನ ಉರುಳಗಡ್ಡೆ ಮಾತ್ರ ಮೂರು ವಾರದಲ್ಲಿ ಮಣ್ಣಿನೊಳಗಿಂದ ಮತ್ತೆ ಚಿಗುರಿತು.